ಒಂದೇ ಪ್ರಯೋಗ, ಎರಡು ಅಂಕಿ: ಔಷಧ ಪ್ರಯೋಗವನ್ನು ಜನ ನಡುವೆಯೇ ಬಿಡುವುದೇಕೆ?

ಅಮೆರಿಕದ ಎಲಿ ಲಿಲ್ಲಿ ಕಂಪನಿಯು 2025ರ ಆಗಸ್ಟ್ 7ರಂದು, ತೂಕ ಇಳಿಸುವ ತನ್ನ ಹೊಸ ಮಾತ್ರೆ ಆರ್ಫೋರ್‌ಗ್ಲಿಪ್ರಾನ್‌ನ ದೊಡ್ಡ ಪ್ರಯೋಗವೊಂದರ ಫಲಿತಾಂಶವನ್ನು ಹೊರಗಿಟ್ಟಿತು. ಗರಿಷ್ಠ ಪ್ರಮಾಣದ ಮಾತ್ರೆಯನ್ನು ತೆಗೆದುಕೊಂಡವರ ದೇಹತೂಕ 72 ವಾರಗಳಲ್ಲಿ ಸರಾಸರಿ ಶೇ. 12.4ರಷ್ಟು ಇಳಿದಿದೆ ಎಂಬುದು ಅದರ ಮುಖ್ಯಾಂಶ. ಸೆಪ್ಟೆಂಬರ್‌ನಲ್ಲಿ ಅದೇ ಪ್ರಯೋಗದ ವರದಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದಾಗ ಅಲ್ಲಿದ್ದ ಅಂಕಿ ಶೇ. 11.2. ಡಿಸೆಂಬರ್‌ನಲ್ಲಿ ಇದೇ ಕಂಪನಿಯ ರೆಟಾಟ್ರುಟೈಡ್ ಎಂಬ ಚುಚ್ಚುಮದ್ದಿನ ಸುದ್ದಿ ಬಂದಿತು. 68 ವಾರಗಳಲ್ಲಿ ತೂಕ ಶೇ. 28.7ರಷ್ಟು ಇಳಿಯಿತು ಎಂಬ ಬೆರಗಿನ ಸಾಲಿನ ಕೆಳಗೇ, ಹೆಚ್ಚಿನ ಪ್ರಮಾಣದ ಔಷಧ ಪಡೆದವರಲ್ಲಿ ಶೇ. 18.2ರಷ್ಟು ಜನ ಅಡ್ಡಪರಿಣಾಮಗಳಿಂದಾಗಿ ಅದನ್ನು ನಡುವೆಯೇ ಬಿಟ್ಟರು ಎಂಬ ಇನ್ನೊಂದು ಸಾಲಿತ್ತು.

ತೂಕ ಇಳಿಸುವ ಚುಚ್ಚುಮದ್ದುಗಳಾದ ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮೇಲೆ ಇಂತಹ ಸುದ್ದಿಗಳು ನಮ್ಮ ಓದುಗರಿಗೂ ನೇರವಾಗಿ ಸಂಬಂಧಿಸಿವೆ. ಆದ್ದರಿಂದ ಗೊಂದಲವೂ ಸಹಜ. ಒಂದೇ ಪ್ರಯೋಗಕ್ಕೆ ಎರಡು ಅಂಕಿ ಹೇಗೆ ಸಾಧ್ಯ? ಅಷ್ಟು ಚೆನ್ನಾಗಿ ಕೆಲಸ ಮಾಡುವ ಔಷಧವನ್ನು ಐದಾರು ಜನರಲ್ಲಿ ಒಬ್ಬರು ಬಿಟ್ಟುಬಿಡುವುದೇಕೆ? ಎರಡೂ ಪ್ರಶ್ನೆಗಳ ಉತ್ತರ ಒಂದೇ ಕಡೆ ಇದೆ: ಪ್ರಯೋಗದಲ್ಲಿ ಕೊನೆಯವರೆಗೆ ಉಳಿದವರು ಯಾರು, ಹೋದವರು ಯಾರು, ಹೋದವರನ್ನು ಲೆಕ್ಕದಲ್ಲಿ ಹೇಗೆ ಹಿಡಿಯಲಾಯಿತು ಎಂಬುದರಲ್ಲಿ. ಬಿಟ್ಟುಹೋದವರನ್ನು ಲೆಕ್ಕದಲ್ಲಿನ ಲೋಪ ಎಂದು ಕಾಣುವುದು ಹಳೆಯ ರೂಢಿ. ವಾಸ್ತವದಲ್ಲಿ ಅವರು ಔಷಧದ ಬಗ್ಗೆಯೂ ಪ್ರಯೋಗ ನಡೆಸಿದ ಬಗೆಯ ಬಗ್ಗೆಯೂ ಉಳಿದವರು ಹೇಳಲಾರದ ಸಂಗತಿಯನ್ನು ಹೇಳುತ್ತಾರೆ.

ಔಷಧ ಬಿಡುವುದು ಬೇರೆ, ಪ್ರಯೋಗ ಬಿಡುವುದು ಬೇರೆ

ಸುದ್ದಿಗಳಲ್ಲಿ ಸಾಮಾನ್ಯವಾಗಿ ಕಲಸಿಹೋಗುವ ಎರಡು ಸಂಗತಿಗಳನ್ನು ಮೊದಲು ಬಿಡಿಸಿಕೊಳ್ಳಬೇಕು. ಒಬ್ಬ ವ್ಯಕ್ತಿ ವಾಂತಿ ತಡೆಯಲಾರದೆ ಔಷಧವನ್ನು ನಿಲ್ಲಿಸಿದರೂ ನಿಗದಿತ ದಿನಗಳಲ್ಲಿ ಆಸ್ಪತ್ರೆಗೆ ಬಂದು ತೂಕ ನೋಡಿಸಿಕೊಂಡು, ರಕ್ತ ಕೊಟ್ಟು ಹೋಗಬಹುದು. ಆತ ಔಷಧವನ್ನು ಬಿಟ್ಟಿದ್ದಾನೆ, ಪ್ರಯೋಗವನ್ನು ಬಿಟ್ಟಿಲ್ಲ. ಇನ್ನೊಬ್ಬ ವ್ಯಕ್ತಿ ಮುಂದಿನ ಭೇಟಿಗೆ ಬರುವುದೇ ಇಲ್ಲ, ಫೋನೂ ಎತ್ತುವುದಿಲ್ಲ. ಆತನಿಗೆ ಏನಾಯಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಮೊದಲನೆಯವನ ವಿಷಯದಲ್ಲಿ ಸಂಶೋಧಕರ ಕೈಯಲ್ಲಿ ಮಾಹಿತಿ ಇದೆ, ಎರಡನೆಯವನ ವಿಷಯದಲ್ಲಿ ಊಹೆ ಮಾತ್ರ ಉಳಿಯುತ್ತದೆ.

ವೆಗೋವಿಯ ಮೂಲ ಔಷಧವಾದ ಸೆಮಾಗ್ಲುಟೈಡ್‌ನಿಂದ ತೂಕ ಇಳಿಯುವುದನ್ನು ತೋರಿಸಿ 2021ರಲ್ಲಿ ಪ್ರಕಟವಾದ ಸ್ಟೆಪ್-1 ಪ್ರಯೋಗದಲ್ಲಿ 1,961 ಜನರಿದ್ದರು. ಅವರಲ್ಲಿ ಶೇ. 94.3ರಷ್ಟು ಜನ ಪ್ರಯೋಗವನ್ನು ಪೂರ್ಣಗೊಳಿಸಿದರು, ಆದರೆ ಕೊನೆಯವರೆಗೂ ಚಿಕಿತ್ಸೆಯನ್ನು ಪಾಲಿಸಿದವರು ಶೇ. 81.1 ಮಾತ್ರ. ನಡುವಿನ ಸುಮಾರು ಶೇ. 13ರಷ್ಟು ಜನ ಔಷಧವನ್ನು ಬಿಟ್ಟ ಮೇಲೂ ಬರುತ್ತಲೇ ಇದ್ದವರು. ಅವರು ಬಂದದ್ದರಿಂದಲೇ ಆ ಪ್ರಯೋಗದ ಅಂಕಿಗಳು ಗಟ್ಟಿಯಾಗಿ ನಿಂತಿವೆ. ಔಷಧ ನಿಲ್ಲಿಸಿದ ಕೂಡಲೇ ಪಾಲ್ಗೊಂಡವರ ಕಡತವನ್ನೂ ಮುಚ್ಚಿಬಿಡುವ ಅಭ್ಯಾಸ ಎಷ್ಟೋ ಪ್ರಯೋಗಗಳಲ್ಲಿತ್ತು. ಅದರಿಂದ ಆದ ನಷ್ಟ ಸಣ್ಣದಲ್ಲ.

ಎರಡು ಅಂಕಿಗಳು ಹುಟ್ಟುವ ಬಗೆ

ಲೆಕ್ಕಕ್ಕಾಗಿ ಒಂದು ಕಲ್ಪಿತ ಪ್ರಯೋಗವನ್ನು ನೋಡೋಣ. ನೂರು ಜನರಿಗೆ ಔಷಧ ಕೊಡಲಾಗಿದೆ. ಎಪ್ಪತ್ತು ಜನ ಕೊನೆಯವರೆಗೆ ತೆಗೆದುಕೊಂಡರು ಮತ್ತು ತಲಾ 10 ಕಿಲೋ ಇಳಿದರು. ಉಳಿದ ಮೂವತ್ತು ಜನ ಹೊಟ್ಟೆ ತೊಳಸುವುದನ್ನು ತಾಳಲಾರದೆ ಮೊದಲ ತಿಂಗಳಲ್ಲೇ ನಿಲ್ಲಿಸಿದರು, ಅವರ ತೂಕ ಮೊದಲಿನಂತೆಯೇ ಇದೆ. ಔಷಧ ತೆಗೆದುಕೊಂಡವರ ಸರಾಸರಿ ಕೇಳಿದರೆ ಉತ್ತರ 10 ಕಿಲೋ. ಔಷಧ ಬರೆದುಕೊಡಲಾದ ಎಲ್ಲರ ಸರಾಸರಿ ಕೇಳಿದರೆ ಉತ್ತರ 7 ಕಿಲೋ. ಎರಡೂ ಸುಳ್ಳಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗಳ ಉತ್ತರಗಳು.

ಔಷಧ ನಿಯಂತ್ರಣಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಸಮನ್ವಯ ಮಂಡಳಿಯು 2019ರ ನವೆಂಬರ್‌ನಲ್ಲಿ ಅಂಗೀಕರಿಸಿದ ಮಾರ್ಗಸೂಚಿಯು, ಪ್ರಯೋಗ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ ಎಂಬುದನ್ನು ಸಂಶೋಧಕರು ಮುಂಚಿತವಾಗಿಯೇ ಘೋಷಿಸಬೇಕೆಂದು ಕೇಳಿತು. ಆರ್ಫೋರ್‌ಗ್ಲಿಪ್ರಾನ್‌ನ ಶೇ. 12.4 ಎಂಬುದು ಎಲ್ಲರೂ ಔಷಧವನ್ನು ತೆಗೆದುಕೊಳ್ಳುತ್ತಲೇ ಇದ್ದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯ ಅಂದಾಜು. ಶೇ. 11.2 ಎಂಬುದು ನಡುವೆ ಬಿಟ್ಟವರನ್ನೂ ಸೇರಿಸಿಕೊಂಡದ್ದು. ಸ್ಟೆಪ್-1ರಲ್ಲೂ ಶೇ. 16.9 ಮತ್ತು ಶೇ. 14.9 ಎಂಬ ಇಂತಹದೇ ಎರಡು ಅಂಕಿಗಳಿದ್ದವು.

ಯಾವುದು ಮುಖ್ಯ ಎಂಬುದರಲ್ಲಿ ಒಮ್ಮತವಿಲ್ಲ. ಔಷಧವನ್ನು ತಾಳಿಕೊಳ್ಳಬಲ್ಲ ರೋಗಿಗೆ ಅದರಿಂದ ಏನು ಸಿಗುತ್ತದೆ ಎಂಬುದೇ ವೈದ್ಯರಿಗೂ ರೋಗಿಗೂ ಬೇಕಾದ ಮಾಹಿತಿ ಎಂದು ಒಂದು ಪಕ್ಷ ವಾದಿಸುತ್ತದೆ, ಅದರಲ್ಲಿ ಹುರುಳಿದೆ. ಇನ್ನೊಂದು ಪಕ್ಷದ ವಾದ ಹೆಚ್ಚು ಮೂಲಭೂತವಾದುದು. ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪುಗಳಿಗೆ ಹಂಚುವುದರ ಉದ್ದೇಶವೇ ಆ ಗುಂಪುಗಳು ವಯಸ್ಸು, ರೋಗ, ಆರ್ಥಿಕ ಸ್ಥಿತಿ, ಮನೋಬಲ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ಇರಲಿ ಎಂಬುದು. ಒಂದು ಗುಂಪಿನಿಂದ ಅಡ್ಡಪರಿಣಾಮ ತಾಳದವರೂ ಇನ್ನೊಂದರಿಂದ ಫಲ ಕಾಣದವರೂ ಎದ್ದುಹೋದರೆ ಆ ಸಾಮ್ಯ ಮುರಿಯುತ್ತದೆ. ಉಳಿದವರನ್ನಷ್ಟೇ ಹೋಲಿಸಿದರೆ ನಾವು ಔಷಧವನ್ನು ಅಳೆಯುತ್ತಿದ್ದೇವೋ ಜನರ ಸಹನೆಯನ್ನು ಅಳೆಯುತ್ತಿದ್ದೇವೋ ಹೇಳಲಾಗುವುದಿಲ್ಲ. ಆದ್ದರಿಂದ ಹಂಚಿದಾಗ ಯಾರು ಯಾವ ಗುಂಪಿನಲ್ಲಿದ್ದರೋ ಕೊನೆಯ ಲೆಕ್ಕದಲ್ಲೂ ಅದೇ ಗುಂಪಿನಲ್ಲಿರಬೇಕು ಎಂಬುದು ಈ ಪಕ್ಷದ ನಿಲುವು. ಔಷಧಕ್ಕೆ ಹಣ ಕೊಡುವ ಸರ್ಕಾರಕ್ಕೆ, ವಿಮೆಗೆ, ಕುಟುಂಬಕ್ಕೆ ಈ ಎರಡನೆಯ ಅಂಕಿಯೇ ಹೆಚ್ಚು ಉಪಯುಕ್ತ. ಅದು ತಲೆಬರಹದಲ್ಲಿ ಇರಬೇಕಾದ ಅಂಕಿಯೂ ಹೌದು.

ಬಿಟ್ಟುಹೋದವರನ್ನು ಹಗುರವಾಗಿ ಕಂಡರೆ ಏನಾಗಬಹುದು ಎಂಬುದಕ್ಕೆ ರಿಮೋನಬಾಂಟ್‌ನ ಕಥೆ ಇದೆ. ತೂಕ ಇಳಿಸುವ ಈ ಮಾತ್ರೆಗೆ ಯುರೋಪ್ 2006ರಲ್ಲಿ ಅನುಮತಿ ಕೊಟ್ಟಿತು. ಉತ್ತರ ಅಮೆರಿಕದಲ್ಲಿ ನಡೆದ ಅದರ ದೊಡ್ಡ ಪ್ರಯೋಗದಲ್ಲಿ ಮೊದಲ ವರ್ಷ ಮುಗಿಯುವ ಹೊತ್ತಿಗೆ ಸುಮಾರು ಅರ್ಧದಷ್ಟು ಜನ ಹೊರಟುಹೋಗಿದ್ದರು. ಹೋದವರ ತೂಕ ಕೊನೆಯ ಭೇಟಿಯಲ್ಲಿ ಎಷ್ಟಿತ್ತೋ ಅಷ್ಟೇ ಮುಂದೆಯೂ ಉಳಿಯಿತೆಂದು ಭಾವಿಸಿ ಲೆಕ್ಕ ಮುಂದುವರಿಸಲಾಯಿತು. ಔಷಧ ಬಿಟ್ಟವರ ತೂಕ ಮತ್ತೆ ಏರುವುದು ಸಾಮಾನ್ಯವಾಗಿರುವಾಗ ಇದು ಉದಾರವಾದ ಊಹೆ. ಖಿನ್ನತೆಯಂತಹ ಮಾನಸಿಕ ಪರಿಣಾಮಗಳ ಕಾರಣಕ್ಕೆ 2008ರಲ್ಲಿ ಯುರೋಪ್ ಅದರ ಮಾರಾಟವನ್ನು ತಡೆಯಿತು, 2009ರಲ್ಲಿ ಭಾರತವೂ ನಿಷೇಧಿಸಿತು. ಅರ್ಧ ಜನ ಹೊರಟುಹೋದ ಪ್ರಯೋಗವು ಇಂತಹ ಅಪಾಯದ ಪೂರ್ಣ ಚಿತ್ರವನ್ನು ಕೊಡುವುದು ಸಾಧ್ಯವೇ ಇರಲಿಲ್ಲ.

ಹೊರಡುವವರ ಕಾರಣಗಳು

ಅಡ್ಡಪರಿಣಾಮ ಎಲ್ಲರಿಗೂ ಹೊಳೆಯುವ ಕಾರಣ. ಆರ್ಫೋರ್‌ಗ್ಲಿಪ್ರಾನ್‌ನ ಗರಿಷ್ಠ ಪ್ರಮಾಣದ ಗುಂಪಿನಲ್ಲಿ ಶೇ. 10.3ರಷ್ಟು ಜನ ಇದೇ ಕಾರಣಕ್ಕೆ ಔಷಧ ನಿಲ್ಲಿಸಿದರು, ಹೋಲಿಕೆಗಾಗಿ ಔಷಧವಿಲ್ಲದ ಹುಸಿಮಾತ್ರೆಯನ್ನು ಪಡೆದ ಗುಂಪಿನಲ್ಲಿ ಇಂತಹವರು ಶೇ. 3ಕ್ಕಿಂತ ಕಡಿಮೆ. ಆದರೆ ಎಲ್ಲ ಕಾರಣಗಳನ್ನೂ ಸೇರಿಸಿ ನೋಡಿದಾಗ ಚಿತ್ರ ತಿರುಗುಮುರುಗಾಗುತ್ತದೆ. ಔಷಧದ ಗುಂಪಿನಲ್ಲಿ ನಿಲ್ಲಿಸಿದವರು ಶೇ. 24.4, ಹುಸಿಮಾತ್ರೆಯ ಗುಂಪಿನಲ್ಲಿ ಶೇ. 29.9. ತಮಗೆ ಸಿಕ್ಕಿರುವುದು ಯಾವುದೆಂದು ಹೇಳದಿದ್ದರೂ ತಿಂಗಳುಗಟ್ಟಲೆ ತೂಕದ ಮುಳ್ಳು ಅಲ್ಲಾಡದಿದ್ದಾಗ ಜನ ಊಹಿಸಿಬಿಡುತ್ತಾರೆ. ಅದೇ ಬಗೆಯ ಔಷಧಗಳು ಹೊರಗಿನ ಅಂಗಡಿಯಲ್ಲೇ ಸಿಗುತ್ತಿರುವಾಗ ಹುಸಿಮಾತ್ರೆ ನುಂಗುತ್ತಾ ಕೂರಲು ಅವರಿಗೆ ಕಾರಣವೇ ಉಳಿಯುವುದಿಲ್ಲ. ರೆಟಾಟ್ರುಟೈಡ್‌ನ ಪ್ರಯೋಗದಲ್ಲಿ ಇದಕ್ಕೆ ಪೂರ್ತಿ ವಿರುದ್ಧವಾದ ಕಾರಣವೂ ದಾಖಲಾಗಿದೆ: ತೂಕ ಅತಿಯಾಗಿ ಇಳಿಯುತ್ತಿದೆ ಎಂದು ಅನ್ನಿಸಿ ಕೆಲವರು ಬಿಟ್ಟರು. ಆರಂಭದಲ್ಲಿ ದೇಹತೂಕ ಹೆಚ್ಚಿದ್ದವರನ್ನು, ಎಂದರೆ ದೇಹತೂಕ ಸೂಚ್ಯಂಕ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 35 ಅಥವಾ ಅದಕ್ಕಿಂತ ಮೇಲಿದ್ದವರನ್ನು ಮಾತ್ರ ನೋಡಿದರೆ ಶೇ. 18.2ರ ಪ್ರಮಾಣ ಶೇ. 12.1ಕ್ಕೆ ಇಳಿಯುತ್ತದೆ. ಬಿಡುವಿಕೆಯ ಹಿಂದೆ ಔಷಧದ ದೋಷ ಮಾತ್ರವಲ್ಲ, ಯಾರಿಗೆ ಕೊಡಲಾಯಿತು ಎಂಬ ಸಂಗತಿಯೂ ಇದೆ ಎಂದು ಇದರಿಂದ ತಿಳಿಯುತ್ತದೆ.

ಇದರಾಚೆಗೆ ಔಷಧಕ್ಕೆ ಸಂಬಂಧವೇ ಇಲ್ಲದ ಕಾರಣಗಳಿವೆ. ದಿನಗೂಲಿಯವರಿಗೆ ಒಂದು ಭೇಟಿ ಎಂದರೆ ಒಂದು ದಿನದ ಸಂಪಾದನೆ. ದೂರದ ತಾಲ್ಲೂಕಿನಿಂದ ಬರುವವರಿಗೆ ಎರಡು ಬಸ್ಸು, ಜೊತೆಗೆ ಬರಲು ಮನೆಯ ಒಬ್ಬರು, ನಸುಕಿನಿಂದ ಖಾಲಿ ಹೊಟ್ಟೆ. ಮದುವೆಯಾಗಿ ಊರು ಬದಲಾದವರು, ಕೆಲಸಕ್ಕಾಗಿ ವಲಸೆ ಹೋದವರು, ಮನೆಯವರು ಬೇಡವೆಂದದ್ದಕ್ಕೆ ಬಿಟ್ಟವರು ಎಲ್ಲರೂ ಕೊನೆಗೆ ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂಬ ಒಂದೇ ಸಾಲಿಗೆ ಸೇರುತ್ತಾರೆ. ಮೊದಲ ದಿನದಿಂದ ಪರಿಚಯವಿದ್ದ ನರ್ಸ್ ಅಥವಾ ಸಂಯೋಜಕಿ ಕೆಲಸ ಬಿಟ್ಟಾಗಲೂ ಪಾಲ್ಗೊಂಡವರ ಹುರುಪು ಕುಂದಬಹುದು. ಮಾತ್ರೆಗಿಂತ ಮನುಷ್ಯರ ಮೇಲಿನ ನಂಬಿಕೆಯಿಂದ ಬರುವವರು ಅನೇಕರು.

ಉಳಿದರು, ಆದರೆ ಮಾತ್ರೆ ನುಂಗಲಿಲ್ಲ

ಜನ ಉಳಿದರೆ ಸಮಸ್ಯೆ ಮುಗಿಯಿತೇ? ಇಲ್ಲ ಎಂಬುದನ್ನು ಆಫ್ರಿಕಾದ ವಾಯ್ಸ್ ಪ್ರಯೋಗದಷ್ಟು ಕಟುವಾಗಿ ತೋರಿಸಿಕೊಟ್ಟದ್ದು ಇನ್ನೊಂದಿಲ್ಲ. ಎಚ್‌ಐವಿ ಸೋಂಕನ್ನು ತಡೆಯಲು ದಿನವೂ ಒಂದು ಮಾತ್ರೆ ಅಥವಾ ಜೆಲ್ ಬಳಸುವುದರಿಂದ ಪ್ರಯೋಜನವಿದೆಯೇ ಎಂದು ನೋಡಲು ದಕ್ಷಿಣ ಆಫ್ರಿಕಾ, ಉಗಾಂಡ ಮತ್ತು ಜಿಂಬಾಬ್ವೆಗಳಲ್ಲಿ 2009ರಿಂದ 2012ರವರೆಗೆ 5,029 ಮಹಿಳೆಯರೊಂದಿಗೆ ಇದು ನಡೆಯಿತು. ಶೇ. 91ರಷ್ಟು ಮಹಿಳೆಯರು ಉಳಿದುಕೊಂಡರು. ಯಾವ ಪ್ರಯೋಗಕ್ಕಾದರೂ ಹೆಮ್ಮೆ ತರುವ ಅಂಕಿ ಅದು. ಕೇಳಿದಾಗ ಬಹುಪಾಲು ಮಹಿಳೆಯರು ಔಷಧವನ್ನು ತಪ್ಪದೆ ಬಳಸುತ್ತಿದ್ದೇವೆ ಎಂದೇ ಹೇಳಿದರು, ಹಿಂದಿರುಗಿಸಿದ ಮಾತ್ರೆಗಳ ಎಣಿಕೆಯೂ ಅದನ್ನೇ ಹೇಳಿತು. ಕೊನೆಗೆ ಶೇಖರಿಸಿಟ್ಟ ರಕ್ತವನ್ನು ಪರೀಕ್ಷಿಸಿದಾಗ ಔಷಧದ ಅಂಶ ಕಂಡುಬಂದದ್ದು ಮೂರನೇ ಒಂದು ಭಾಗಕ್ಕೂ ಕಡಿಮೆ ಮಾದರಿಗಳಲ್ಲಿ. ಸೋಂಕು ಯಾವ ಗುಂಪಿನಲ್ಲೂ ಗಣನೀಯವಾಗಿ ಇಳಿಯಲಿಲ್ಲ.

ಇದನ್ನು ಓದಿ ಆ ಮಹಿಳೆಯರು ಮೋಸ ಮಾಡಿದರು ಎಂದುಕೊಳ್ಳುವುದು ತಪ್ಪು. ಸಂಶೋಧಕರು ಆಮೇಲೆ ಅವರಲ್ಲಿ ಕೆಲವರಿಗೆ ಅವರದೇ ರಕ್ತದ ವರದಿಯನ್ನು ತೋರಿಸಿ, ತಪ್ಪು ಹೊರಿಸದೆ ಮಾತನಾಡಿಸಿದಾಗ ಕಾರಣಗಳು ಹೊರಬಂದವು. ಆರೋಗ್ಯವಾಗಿರುವಾಗ ಔಷಧ ಏಕೆಂಬ ಅನುಮಾನ, ಅಡ್ಡಪರಿಣಾಮಗಳ ಬಗೆಗಿನ ವದಂತಿ, ಎಚ್‌ಐವಿ ಮಾತ್ರೆಯ ಡಬ್ಬಿ ಕಂಡರೆ ನೆರೆಹೊರೆಯವರು ತನಗೇ ಸೋಂಕಿದೆ ಎಂದುಕೊಳ್ಳುತ್ತಾರೆಂಬ ಭಯ, ಸಂಗಾತಿಯ ವಿರೋಧ. ಹಾಗಿದ್ದರೂ ಪ್ರಯೋಗದಲ್ಲಿ ಉಳಿಯಲು ಅವರಿಗೆ ಕಾರಣಗಳಿದ್ದವು: ಬೇರೆಡೆ ಸಿಗದ ಒಳ್ಳೆಯ ಆರೋಗ್ಯ ಸೇವೆ, ನಿಯಮಿತ ಪರೀಕ್ಷೆ, ಗೌರವದಿಂದ ಮಾತನಾಡಿಸುವ ಸಿಬ್ಬಂದಿ. ಆ ಸಿಬ್ಬಂದಿಗೆ ಬೇಸರವಾಗಬಾರದೆಂದೇ, ಇವುಗಳನ್ನು ಕಳೆದುಕೊಳ್ಳಬಾರದೆಂದೇ ನಿಜ ಹೇಳಲಾಗದ ಪರಿಸ್ಥಿತಿ ಹುಟ್ಟಿತು. ಪ್ರತಿ ಭೇಟಿಯಲ್ಲೂ ತಪ್ಪದೆ ತೆಗೆದುಕೊಂಡಿರಾ ಎಂದು ಕೇಳುವ ವ್ಯವಸ್ಥೆಯಲ್ಲಿ ಇಲ್ಲ ಎನ್ನಲು ಜಾಗವೇ ಇರಲಿಲ್ಲ.

ಅದೇ ಔಷಧ ಕೆನ್ಯಾ ಮತ್ತು ಉಗಾಂಡಗಳಲ್ಲಿ 4,700ಕ್ಕೂ ಹೆಚ್ಚು ದಂಪತಿಗಳೊಂದಿಗೆ ನಡೆದ ಪಾರ್ಟ್‌ನರ್ಸ್ ಪ್ರೆಪ್ ಪ್ರಯೋಗದಲ್ಲಿ ಸೋಂಕನ್ನು ಶೇ. 75ರವರೆಗೆ ತಗ್ಗಿಸಿತ್ತು. ಅಲ್ಲಿ ಇಬ್ಬರಲ್ಲಿ ಒಬ್ಬರಿಗೆ ಸೋಂಕಿರುವುದು ಇಬ್ಬರಿಗೂ ಗೊತ್ತಿತ್ತು. ಅಪಾಯ ಕಣ್ಣೆದುರಿಗಿತ್ತು, ಮಾತ್ರೆಯನ್ನು ಬಚ್ಚಿಡಬೇಕಿರಲಿಲ್ಲ, ನೆನಪಿಸಲು ಮನೆಯಲ್ಲೇ ಒಬ್ಬರಿದ್ದರು. ಔಷಧ ಬದಲಾಗಿರಲಿಲ್ಲ, ಅದನ್ನು ನುಂಗುವವರ ಬದುಕು ಬೇರೆಯಾಗಿತ್ತು.

ಈ ಪಾಠ ಮುಂದಿನ ಔಷಧದ ರೂಪವನ್ನೇ ಬದಲಿಸಿತು. ದಿನದ ಮಾತ್ರೆಯ ಬದಲು ಆರು ತಿಂಗಳಿಗೊಮ್ಮೆ ಕೊಡುವ ಲೆನಕಾಪವಿರ್ ಚುಚ್ಚುಮದ್ದಿನ ಪ್ರಯೋಗ ದಕ್ಷಿಣ ಆಫ್ರಿಕಾ ಮತ್ತು ಉಗಾಂಡಗಳಲ್ಲಿ ನಡೆದು 2024ರಲ್ಲಿ ಫಲಿತಾಂಶ ಬಂದಾಗ, ಚುಚ್ಚುಮದ್ದು ಪಡೆದ 2,134 ಮಹಿಳೆಯರಲ್ಲಿ ಒಬ್ಬರಿಗೂ ಸೋಂಕು ತಗಲಿರಲಿಲ್ಲ. ಶೇ. 90ಕ್ಕೂ ಹೆಚ್ಚು ಚುಚ್ಚುಮದ್ದುಗಳು ಸಮಯಕ್ಕೆ ಸರಿಯಾಗಿ ಸಂದಿದ್ದವು. ಅದೇ ಪ್ರಯೋಗದ ಮಾತ್ರೆಯ ಗುಂಪುಗಳಲ್ಲಿ 55 ಮಹಿಳೆಯರಿಗೆ ಸೋಂಕು ತಗಲಿತು, ಅಲ್ಲಿ ಮಾತ್ರೆ ಬಳಸುವುದು ಕಡಿಮೆಯಿತ್ತು ಮತ್ತು ಕಾಲ ಕಳೆದಂತೆ ಇನ್ನೂ ಇಳಿಯಿತು. ಮಾತ್ರೆಯೇ ನಿಷ್ಪ್ರಯೋಜಕ ಎಂಬ ಅರ್ಥ ಬರುವಂತೆ ಬಂದ ವರದಿಗಳು ಈ ಹಿನ್ನೆಲೆಯನ್ನು ಬಿಟ್ಟುಬಿಟ್ಟಿದ್ದವು.

ಬೆಂಗಳೂರಿನ ನಂಟಿರುವ ಒಂದು ಪ್ರಯೋಗ

ಜನರ ಇಚ್ಛೆಗೂ ಮೀರಿದ ಕಾರಣಗಳಿಂದ ಔಷಧ ನಿಲ್ಲುವುದಕ್ಕೆ ನಮ್ಮ ಹತ್ತಿರದ ಉದಾಹರಣೆ ಟಿಪ್ಸ್-3. ರಕ್ತದೊತ್ತಡದ ಮೂರು ಔಷಧಗಳನ್ನೂ ಕೊಲೆಸ್ಟೆರಾಲ್ ಇಳಿಸುವ ಒಂದು ಔಷಧವನ್ನೂ ಒಂದೇ ಗುಳಿಗೆಯಲ್ಲಿ ಸೇರಿಸಿದ ‘ಪಾಲಿಪಿಲ್’ ಹೃದಯಾಘಾತ ಮತ್ತು ಪಾರ್ಶ್ವವಾಯುವನ್ನು ತಡೆಯಬಲ್ಲದೇ ಎಂಬುದು ಅದರ ಪ್ರಶ್ನೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿದ ಸಲೀಂ ಯೂಸುಫ್ ಮತ್ತು ಸೇಂಟ್ ಜಾನ್ಸ್‌ನ ಪ್ರೇಮ್ ಪೈಸ್ ಇದರ ಮುಂದಾಳುಗಳು. ಒಟ್ಟು 5,713 ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಭಾರತೀಯರು.

ಇಷ್ಟು ದೀರ್ಘ ಪ್ರಯೋಗದಲ್ಲಿ ಯಾರು ಉಳಿಯಬಲ್ಲರು ಎಂದು ತಿಳಿಯಲು ಆರಂಭದಲ್ಲಿ ಮೂರು-ನಾಲ್ಕು ವಾರ ಎಲ್ಲರಿಗೂ ಔಷಧ ಕೊಟ್ಟು ನೋಡಲಾಗಿತ್ತು. ಆದರೂ ಎರಡು ವರ್ಷಗಳ ಹೊತ್ತಿಗೆ ಶೇ. 19ರಷ್ಟು, ನಾಲ್ಕು ವರ್ಷಗಳ ಹೊತ್ತಿಗೆ ಶೇ. 32ರಷ್ಟು, ಕೊನೆಗೆ ಶೇ. 43ರಷ್ಟು ಜನರ ಚಿಕಿತ್ಸೆ ನಿಂತಿತ್ತು. ಇದರಲ್ಲಿ ಗುಳಿಗೆಯ ಪೂರೈಕೆ ತಡವಾದದ್ದಕ್ಕೂ ಕೋವಿಡ್ ತಂದ ಅಡಚಣೆಗೂ ಪಾಲಿತ್ತು. 2020ರ ನವೆಂಬರ್‌ನಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹೃದಯ ಸಂಬಂಧಿ ಘಟನೆಗಳು ಪಾಲಿಪಿಲ್ ಗುಂಪಿನಲ್ಲಿ ಶೇ. 4.4, ಹುಸಿಮಾತ್ರೆಯ ಗುಂಪಿನಲ್ಲಿ ಶೇ. 5.5. ಎಂದರೆ ಅಪಾಯ ಸುಮಾರು ಐದನೇ ಒಂದು ಭಾಗದಷ್ಟು ಇಳಿದಿತ್ತು, ಆದರೆ ಇದು ಆಕಸ್ಮಿಕವಲ್ಲ ಎಂದು ಖಚಿತವಾಗಿ ಹೇಳುವ ಗೆರೆಯ ಅಂಚಿನಲ್ಲೇ ನಿಂತಿತು. ಆಸ್ಪಿರಿನ್ ಸೇರಿಸಿದಾಗ ಇಳಿಕೆ ಶೇ. 31. ಔಷಧ ನಿಂತ ಮೇಲಿನ ಅವಧಿಯನ್ನು ಬಿಟ್ಟು ಲೆಕ್ಕ ಹಾಕಿದಾಗ ಪ್ರಯೋಜನ ಇನ್ನೂ ಹೆಚ್ಚಾಗಿ ಕಂಡಿತು. ಅಗ್ಗವಾದ, ಬಡ ದೇಶಗಳಿಗೆ ಹೇಳಿ ಮಾಡಿಸಿದಂತಹ ಒಂದು ಉಪಾಯದ ಶಕ್ತಿ ನಿಜಕ್ಕೂ ಎಷ್ಟು ಎಂಬ ಪ್ರಶ್ನೆಗೆ ಖಚಿತ ಉತ್ತರ ಸಿಗಬೇಕಾದಲ್ಲಿ ಅಂದಾಜು ಉಳಿಯಿತು.

ಬಿಡುವಿಕೆಯ ಬೆಲೆ ಇದು. ನೂರು ಜನರ ಮಾಹಿತಿ ಬೇಕಾದ ಕಡೆ ಐದರಲ್ಲಿ ಒಬ್ಬರು ಹೋಗುತ್ತಾರೆಂದರೆ 125 ಜನರನ್ನು ಸೇರಿಸಿಕೊಳ್ಳಬೇಕು. ಖರ್ಚು, ಕಾಲ, ಪರೀಕ್ಷೆಗೆ ಒಡ್ಡಿಕೊಳ್ಳುವ ದೇಹಗಳ ಸಂಖ್ಯೆ ಎಲ್ಲವೂ ಏರುತ್ತವೆ. ಹೆಚ್ಚು ಜನರನ್ನು ಸೇರಿಸುವುದರಿಂದ ಸಂಖ್ಯೆ ತುಂಬುತ್ತದೆ, ಗುಂಪುಗಳ ನಡುವೆ ಮುರಿದ ಸಾಮ್ಯ ಮಾತ್ರ ಸರಿಯಾಗುವುದಿಲ್ಲ.

ಉಳಿಸಿಕೊಳ್ಳುವ ಪ್ರಯತ್ನಕ್ಕೆ ಗಡಿ ಎಲ್ಲಿ?

ಯಾವ ಕ್ಷಣದಲ್ಲಾದರೂ, ಕಾರಣ ಹೇಳದೆಯೂ ಪ್ರಯೋಗದಿಂದ ಹೊರನಡೆಯುವುದು ಪಾಲ್ಗೊಂಡವರ ಹಕ್ಕು. ಭಾರತದಲ್ಲಿ 2019ರ ಮಾರ್ಚ್‌ನಲ್ಲಿ ಬಂದ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಸಮ್ಮತಿ ಪತ್ರದಲ್ಲೇ ಈ ಹಕ್ಕನ್ನು ತಿಳಿಸಬೇಕು. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರವನ್ನೂ ಅವೇ ನಿಯಮಗಳು ಕಡ್ಡಾಯಗೊಳಿಸಿವೆ. ಹಾಗಾದರೆ ಜನರನ್ನು ಉಳಿಸಿಕೊಳ್ಳಲು ಸಂಶೋಧಕರು ಏನು ಮಾಡಬಹುದು, ಏನು ಮಾಡಬಾರದು?

ಹಣದ ವಿಷಯದಲ್ಲಿ ಚರ್ಚೆ ತೀವ್ರವಾಗಿದೆ. ಪ್ರಯಾಣದ ಖರ್ಚು ಮತ್ತು ಕಳೆದುಕೊಂಡ ಕೂಲಿಯನ್ನು ತುಂಬಿಕೊಡಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ಅವಕಾಶ ಕೊಡುತ್ತದೆ, ಆದರೆ ಆಮಿಷವಾಗುವಷ್ಟು ಹಣವನ್ನು ಒಪ್ಪುವುದಿಲ್ಲ. ಪೂರ್ತಿ ಹಣವನ್ನು ಕೊನೆಯ ಭೇಟಿಗೆ ಕಟ್ಟಿಹಾಕುವುದು ಬಡವರ ಪಾಲಿಗೆ ಬಲವಂತವೇ ಆಗುತ್ತದೆ. ಆದ್ದರಿಂದ ಪ್ರಯೋಗ ಸಾಗಿದಂತೆ ಹಣವೂ ಸಂದಾಯವಾಗುತ್ತಿರಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೇಳುತ್ತದೆ. ಇನ್ನೊಂದು ಕಡೆ, ಆಮಿಷದ ಭಯದಿಂದ ಏನನ್ನೂ ಕೊಡದಿದ್ದರೆ ಕೂಲಿ ಕಳೆದುಕೊಳ್ಳಲಾರದವರೇ ಮೊದಲು ಬಿಡುತ್ತಾರೆ, ಫಲಿತಾಂಶ ಅನುಕೂಲಸ್ಥರ ಫಲಿತಾಂಶವಾಗುತ್ತದೆ ಎಂಬ ವಾದವೂ ಅಷ್ಟೇ ಗಂಭೀರವಾದದ್ದು. ಕಳೆದುಕೊಂಡದ್ದನ್ನು ತುಂಬಿಕೊಡುವುದು ಆಮಿಷವಲ್ಲ, ಅದು ಬಾಕಿ ತೀರಿಸುವುದು.

ಹೊರಟವರ ಬಗೆಗೂ ಭಿನ್ನಾಭಿಪ್ರಾಯವಿದೆ. ಅವರು ಬಿಡುವವರೆಗೆ ಸಂಗ್ರಹಿಸಿದ ಮಾಹಿತಿಯನ್ನು ಅಳಿಸಬಾರದೆಂದು ಅಮೆರಿಕದ ನಿಯಂತ್ರಕರು ಹೇಳುತ್ತಾರೆ. ಅಳಿಸಲು ಬಿಟ್ಟರೆ ಅಡ್ಡಪರಿಣಾಮ ಅನುಭವಿಸಿದವರ ದಾಖಲೆಯೇ ಮಾಯವಾಗಬಹುದು. ತನ್ನ ದೇಹದ ಮಾಹಿತಿ ತನ್ನದು ಎಂಬ ಪಾಲ್ಗೊಂಡವರ ಭಾವನೆಯೂ ಸಣ್ಣದಲ್ಲ. ಇವೆರಡರ ನಡುವೆ ಒಂದು ದಾರಿ ಇದೆ: ಔಷಧ ಬಿಡುವುದು, ಭೇಟಿಗಳನ್ನು ಬಿಡುವುದು, ಫೋನಿನಲ್ಲಿ ವಿಚಾರಿಸುವುದನ್ನೂ ಬೇಡವೆನ್ನುವುದು ಈ ಮೂರನ್ನೂ ಬೇರೆ ಬೇರೆಯಾಗಿ ಕೇಳಿ ದಾಖಲಿಸಿಕೊಳ್ಳುವುದು. ಭೇಟಿಗೆ ಬರಲಾಗದವರು ವರ್ಷಕ್ಕೊಂದು ಕರೆಗೆ ಒಪ್ಪಬಹುದು.

ಯಾವ ಉಪಾಯ ಫಲಿಸುತ್ತದೆ ಎಂಬುದಕ್ಕೆ ಪುರಾವೆ ತೆಳುವಾಗಿದೆ. ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2021ರ ವಿಮರ್ಶೆಯು ಈ ಬಗ್ಗೆ 70 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಹೆಚ್ಚಿನ ಖಚಿತತೆಯಿಂದ ಶಿಫಾರಸು ಮಾಡಬಹುದಾದ ಒಂದು ಕ್ರಮವನ್ನೂ ಕಾಣಲಿಲ್ಲ. ಇಷ್ಟು ಹಣ ಹರಿಯುವ ಕ್ಷೇತ್ರ ಈ ಪ್ರಶ್ನೆಯನ್ನು ಇಷ್ಟು ಕಡಿಮೆ ಅಧ್ಯಯನ ಮಾಡಿರುವುದು ಕಳವಳದ ವಿಷಯ. ವಿಶ್ವ ವೈದ್ಯಕೀಯ ಸಂಘವು 2024ರ ಅಕ್ಟೋಬರ್‌ನಲ್ಲಿ ಮನುಷ್ಯರನ್ನು ಒಳಗೊಂಡ ಸಂಶೋಧನೆಯ ನೈತಿಕ ತತ್ವಗಳನ್ನು ಹೇಳುವ ಹೆಲ್ಸಿಂಕಿ ಘೋಷಣೆಯನ್ನು ಪರಿಷ್ಕರಿಸುವಾಗ, ಪ್ರಯೋಗಕ್ಕೆ ಒಳಪಟ್ಟವರು ಎಂಬ ಅರ್ಥದ ಹಳೆಯ ಪದವನ್ನು ಬಿಟ್ಟು ಪಾಲ್ಗೊಳ್ಳುವವರು ಎಂಬ ಪದವನ್ನು ತೆಗೆದುಕೊಂಡಿತು. ಭಾರತದ ನಿಯಮಗಳಲ್ಲಿ ಹಳೆಯ ಪದವೇ ಇದೆ.

ಪ್ರಯೋಗವೇ ಜನರನ್ನು ಬಿಟ್ಟಾಗ

2025ರಲ್ಲಿ ಬಿಡುವಿಕೆ ಇನ್ನೊಂದು ದಿಕ್ಕಿನಿಂದಲೂ ಬಂದಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಅನುದಾನ ಕಡಿತದಿಂದ ಫೆಬ್ರವರಿ ಕೊನೆ ಮತ್ತು ಆಗಸ್ಟ್ ನಡುಭಾಗದ ನಡುವೆ 383 ಪ್ರಯೋಗಗಳು ಹಣ ಕಳೆದುಕೊಂಡವು, ಅವುಗಳಲ್ಲಿ 74,000ಕ್ಕೂ ಹೆಚ್ಚು ಜನ ಪಾಲ್ಗೊಂಡಿದ್ದರು. ಅದೇ ವರ್ಷದ ಆರಂಭದಲ್ಲಿ ಅಮೆರಿಕದ ವಿದೇಶಿ ನೆರವು ಹಠಾತ್ತನೆ ನಿಂತಾಗ ದಕ್ಷಿಣ ಆಫ್ರಿಕಾದ ಕೆಲವು ಪ್ರಯೋಗಗಳೂ ನಡುವೆಯೇ ನಿಂತವು. ಪಾಲ್ಗೊಂಡವರು ಬಿಟ್ಟುಹೋದರೆ ಅದನ್ನು ತಡೆಯುವುದು ಹೇಗೆಂದು ಸಮಿತಿಗಳು ಕೂರುತ್ತವೆ. ಪ್ರಾಯೋಜಕರು ಬಿಟ್ಟುಹೋದರೆ ತಮ್ಮ ರಕ್ತ, ಸಮಯ ಮತ್ತು ನಂಬಿಕೆಯನ್ನು ಕೊಟ್ಟವರಿಗೆ ಕಾರಣ ವಿವರಿಸುವ ಹೊಣೆ ಯಾರದೆಂಬುದು ಸ್ಪಷ್ಟವಿಲ್ಲ. ಹೀಗೆ ಕೈಬಿಡಲಾದ ಊರುಗಳಲ್ಲಿ ಮುಂದಿನ ಪ್ರಯೋಗಕ್ಕೆ ಸಮ್ಮತಿ ಪತ್ರ ಹಿಡಿದು ಹೋಗುವವರು ಈ ನೆನಪನ್ನು ಎದುರಿಸಬೇಕಾಗುತ್ತದೆ.

ಅಂಗಡಿಯಲ್ಲಿ ಕೊಳ್ಳುವವರಿಗೆ ಇದರ ಅರ್ಥ

ಪ್ರಯೋಗದಲ್ಲಿ ಔಷಧ ಉಚಿತ. ದಿನ ತಪ್ಪಿದರೆ ಸಂಯೋಜಕರು ಕರೆ ಮಾಡುತ್ತಾರೆ, ವಾಂತಿಯಾದರೆ ಪ್ರಮಾಣ ತಗ್ಗಿಸಲು ವೈದ್ಯರಿದ್ದಾರೆ. ಇಷ್ಟೆಲ್ಲ ಇದ್ದೂ ನಾಲ್ಕರಲ್ಲಿ ಒಬ್ಬರು ನಿಲ್ಲಿಸುತ್ತಾರೆ. ಭಾರತದಲ್ಲಿ ಮೌಂಜಾರೊ ಬಿಡುಗಡೆಯಾದಾಗ ವಾರಕ್ಕೊಂದರಂತೆ ಬೇಕಾಗುವ ಸೀಸೆಯ ಬೆಲೆ ಪ್ರಮಾಣಕ್ಕೆ ತಕ್ಕಂತೆ 3,500 ಮತ್ತು 4,375 ರೂಪಾಯಿ ಇತ್ತು, ಎಂದರೆ ತಿಂಗಳಿಗೆ 14,000ದಿಂದ 17,500 ರೂಪಾಯಿ. ಈ ಹೊರೆಯನ್ನು ಸ್ವಂತವಾಗಿ ಹೊರುವವರಲ್ಲಿ ನಿಲ್ಲಿಸುವವರ ಪ್ರಮಾಣ ಪ್ರಯೋಗದಲ್ಲಿದ್ದಷ್ಟೇ ಇರುತ್ತದೆಂದು ನಿರೀಕ್ಷಿಸಲು ಕಾರಣವಿಲ್ಲ.

ನಿಲ್ಲಿಸಿದರೆ ಏನಾಗುತ್ತದೆ ಎಂಬುದೂ ಗೊತ್ತಿದೆ. ಮೌಂಜಾರೊದ ಮೂಲ ಔಷಧವಾದ ಟಿರ್ಜೆಪಟೈಡ್‌ನ ಸರ್ಮೌಂಟ್-4 ಪ್ರಯೋಗದಲ್ಲಿ 36 ವಾರಗಳ ಔಷಧದಿಂದ ತೂಕ ಶೇ. 20.9ರಷ್ಟು ಇಳಿದ ಮೇಲೆ ಅರ್ಧದಷ್ಟು ಜನರಿಗೆ ಹುಸಿ ಚುಚ್ಚುಮದ್ದು ಕೊಡಲಾಯಿತು. ಮುಂದಿನ ಒಂದು ವರ್ಷದಲ್ಲಿ ಅವರ ತೂಕ ಶೇ. 14ರಷ್ಟು ಮತ್ತೆ ಏರಿತು. ಪ್ರಯೋಗದಲ್ಲಿದ್ದವರ ಈ ಏರಿಕೆಯನ್ನು ತಕ್ಕಡಿಯ ಮೇಲೆ ನಿಲ್ಲಿಸಿ ಬರೆದುಕೊಂಡವರಿದ್ದರು. ಔಷಧದಂಗಡಿಗೆ ಮೂರನೇ ತಿಂಗಳು ಬಾರದೇ ಹೋದವರು ಏಕೆ ಬರಲಿಲ್ಲ, ಅವರ ತೂಕ ಎಷ್ಟಾಯಿತು ಎಂದು ಕೇಳಿ ಬರೆದುಕೊಳ್ಳುವವರು ಯಾರೂ ಇಲ್ಲ.